ಅನುದಾನದ ಸಂಬಳ, ಶಿಕ್ಷಕರ ಸಮಯ ಮತ್ತು ಒಂದು ದಾಖಲೆ ಪುಸ್ತಕ

(ಸಂಸ್ಥೆಯ ಶಿಕ್ಷಕರ ಕಾರ್ಯಾಗಾರದಲ್ಲಿ ಮಾಡಿದ ಭಾಷಣ)



ನನಗೆ ವಹಿಸಿರುವ ವಿಷಯ ಸ್ವಲ್ಪ ಒಣ ವಿಷಯ. ಊಟದ ಹೊತ್ತೂ ಹತ್ತಿರ ಬಂದಿದೆ. ಆದರೂ ಇದು ನಮ್ಮ ಸಂಬಳಕ್ಕೂ ಸಂಸ್ಥೆಯ ಮಾನಕ್ಕೂ ಸಂಬಂಧಿಸಿದ್ದಾದ್ದರಿಂದ ತಾಳ್ಮೆಯಿಂದ ಕೇಳಬೇಕೆಂದು ವಿನಂತಿ.

ನಮ್ಮಂತಹ ಶಾಲೆಗಳಲ್ಲಿ ಒಂದೇ ಸ್ಟಾಫ್ ರೂಮಿನಲ್ಲಿ ಎರಡು ಬಗೆಯ ಶಿಕ್ಷಕರು ಕೂರುತ್ತಾರೆ. ಕೆಲವರಿಗೆ ಸಂಬಳ ಸರಕಾರದ ಅನುದಾನದಿಂದ ಬರುತ್ತದೆ, ಉಳಿದವರಿಗೆ ಸಂಸ್ಥೆ ತನ್ನ ಹಣದಿಂದ ಕೊಡುತ್ತದೆ. ಚಹಾ ಒಂದೇ, ಮಕ್ಕಳು ಒಂದೇ, ಹಣದ ಮೂಲ ಮಾತ್ರ ಬೇರೆ. ಇವರ ಕೆಲಸದ ಬಗ್ಗೆ ನಮ್ಮಲ್ಲಿರುವ ದಾಖಲೆಗಳೇನು? ಹಾಜರಿ ಪುಸ್ತಕ, ವೇಳಾಪಟ್ಟಿ, ವೇತನದ ಬಿಲ್ಲು. ಹಾಜರಿ ಪುಸ್ತಕ ನಾನು ಬಂದೆ ಎನ್ನುತ್ತದೆ. ವೇಳಾಪಟ್ಟಿ ನಾನು ಏನು ಮಾಡಬೇಕಿತ್ತು ಎಂದು ಹೇಳುತ್ತದೆ. ಬಿಲ್ಲು ಯಾರು ದುಡ್ಡು ಕೊಟ್ಟರೆಂದು ತಿಳಿಸುತ್ತದೆ. ಆ ದಿನ ನಾನು ನಿಜವಾಗಿ ಏನು ಮಾಡಿದೆ, ಯಾರ ಕೆಲಸ ಮಾಡಿದೆ ಎಂಬುದು ಈ ಮೂರರಲ್ಲಿ ಎಲ್ಲಿಯೂ ಸಿಗುವುದಿಲ್ಲ.

ನನ್ನನ್ನೇ ನೋಡಿ. ನಾನು ಕನ್ನಡವನ್ನೂ ಉರ್ದುವನ್ನೂ ಕಲಿಸುತ್ತೇನೆ. ಒಬ್ಬರು ರಜೆ ಹಾಕಿದರೆ ಅವರ ತರಗತಿಗೂ ಹೋಗುತ್ತೇನೆ, ವಿದ್ಯಾರ್ಥಿವೇತನದ ಅರ್ಜಿಗಳನ್ನೂ ತುಂಬುತ್ತೇನೆ. ವೇಳಾಪಟ್ಟಿಯಲ್ಲಿ ಮಾತ್ರ ಇಡೀ ವರ್ಷ ಒಂದೇ ಚಿತ್ರ.

ಈ ಸಮಸ್ಯೆಯನ್ನು ಬಹಳ ಕಟ್ಟುನಿಟ್ಟಾಗಿ ಎದುರಿಸಿದ ದೇಶ ಅಮೆರಿಕ. ಅಲ್ಲಿ 1965ರ ಶಿಕ್ಷಣ ಕಾಯಿದೆಯ ಪ್ರಕಾರ ಬಡ ಮಕ್ಕಳು ಹೆಚ್ಚಾಗಿರುವ ಶಾಲೆಗಳಿಗೆ ಕೇಂದ್ರ ಸರಕಾರದ ಹಣ ಹೋಗುತ್ತದೆ. ಒಬ್ಬ ಶಿಕ್ಷಕಿಯ ಅರ್ಧ ಸಂಬಳ ಆ ಹಣದಿಂದ, ಉಳಿದರ್ಧ ಸ್ಥಳೀಯ ಹಣದಿಂದ ಬರುವುದುಂಟು. ಹಿಂದಿನ ನಿಯಮದಲ್ಲಿ, ಒಂದೇ ಯೋಜನೆಯಲ್ಲಿ ಪೂರ್ತಿ ಕೆಲಸ ಮಾಡುವವರ ಬಗ್ಗೆ ವರ್ಷಕ್ಕೆ ಕನಿಷ್ಠ ಎರಡು ಸಲ ದೃಢೀಕರಣ ಪತ್ರ ಬೇಕಿತ್ತು. ಅದಕ್ಕೆ ಅವರೇ ಸಹಿ ಮಾಡಬೇಕು, ಇಲ್ಲವೇ ಅವರ ಕೆಲಸವನ್ನು ಕಣ್ಣಾರೆ ಬಲ್ಲ ಮೇಲಧಿಕಾರಿ ಮಾಡಬೇಕು. ಎರಡು ಕಡೆ ಕೆಲಸ ಮಾಡುವವರು ಕನಿಷ್ಠ ತಿಂಗಳಿಗೊಮ್ಮೆ ತಮ್ಮ ಪೂರ್ತಿ ಕೆಲಸದ ಲೆಕ್ಕ ಬರೆದು ಸಹಿ ಹಾಕಬೇಕಿತ್ತು. 2014ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ನಿಯಮಾವಳಿ ನಮೂನೆಯ ವಿಷಯದಲ್ಲಿ ಸಡಿಲಿಸಿತು, ತತ್ವದಲ್ಲಿ ಸಡಿಲಿಸಲಿಲ್ಲ. ಮೊದಲೇ ಅಂದಾಜು ಮಾಡಿದ ಶೇಕಡಾವಾರು ಮಾತ್ರ ಪುರಾವೆಯಾಗದು, ನಡೆದ ಕೆಲಸವನ್ನೇ ದಾಖಲೆ ತೋರಿಸಬೇಕು. ದಾಖಲೆ ಇಲ್ಲದಿದ್ದರೆ ಲೆಕ್ಕ ಪರಿಶೋಧಕರು ಆ ಸಂಬಳದ ಖರ್ಚನ್ನು ಆಕ್ಷೇಪಿಸಬಹುದು, ಶಾಲೆ ಹಣವನ್ನು ಹಿಂದಿರುಗಿಸಬೇಕಾಗಿ ಬರಬಹುದು. ಶಿಕ್ಷಕಿ ಪಾಠ ಮಾಡಿದ್ದು ಸತ್ಯವೇ ಆಗಿದ್ದರೂ ಸರಿ!

ಅವರ ಕಾಗದದ ರಾಶಿ ನಮಗೆ ಬೇಡ. ಆದರೆ ಕೆಲಸ ಆದ ಮೇಲೆ ಬರೆಯಬೇಕು, ಮಾಡಿದವರೇ ಸಹಿ ಹಾಕಬೇಕು ಎಂಬ ಎರಡು ಮಾತುಗಳನ್ನು ಎರವಲು ಪಡೆಯುವುದರಲ್ಲಿ ತಪ್ಪಿಲ್ಲ.

ಇಲ್ಲಿ ಆಡಳಿತ ಮಂಡಳಿಯ ಹಿರಿಯರಲ್ಲಿ ಒಂದು ಮಾತನ್ನು ವಿನಯದಿಂದಲೇ ಹೇಳಬೇಕು. ಅನುದಾನಿತ ಹುದ್ದೆಯ ಶಿಕ್ಷಕರ ಕೈಗೆ ಶಾಲೆಯ ಅವಧಿಯಲ್ಲಿ ಚಂದಾ ರಸೀದಿ ಪುಸ್ತಕ ಕೊಡುವುದು, ಸಂಸ್ಥೆಯ ಕಟ್ಟಡದ ಕೆಲಸ ನೋಡಲು ಕಳಿಸುವುದು ಎಷ್ಟೋ ಕಡೆ ರೂಢಿಯಾಗಿದೆ. ಉದ್ದೇಶ ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಆ ಗಂಟೆಗೆ ಹಣ ಕೊಟ್ಟವರು ಪಾಠಕ್ಕೆಂದು ಕೊಟ್ಟಿದ್ದಾರೆ. ಅಮಾನತ್ ಎಂಬ ಪದದ ಅರ್ಥವನ್ನು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ದೀನಿಯಾತ್ ತರಗತಿಯದೂ ಹೀಗೆಯೇ. ಸಂವಿಧಾನದ 28ನೇ ವಿಧಿಯಂತೆ ನೆರವು ಪಡೆಯುವ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಆ ತರಗತಿಗೆ ಸಂಸ್ಥೆಯೇ ಸಂಬಳ ಕೊಡುವ ಉಸ್ತಾದರಿದ್ದು, ಅವರ ಸಮಯ ಬೇರೆಯಾಗಿ ದಾಖಲಾಗಿದ್ದರೆ ನಾಳೆ ಯಾರೇ ಬೆರಳು ತೋರಿಸಿದರೂ ನಾವು ನೆಮ್ಮದಿಯಾಗಿ ಪುಸ್ತಕ ತೆರೆದು ತೋರಿಸಬಹುದು.

ದಾಖಲೆ ಶಿಕ್ಷಕರನ್ನು ಹಿಡಿಯುವ ಬಲೆ ಎಂದು ಕೆಲವರಿಗೆ ಅನುಮಾನ. ನನಗೆ ಅದು ನಮ್ಮದೇ ಸಾಕ್ಷಿಯಾಗಿ ಕಾಣುತ್ತದೆ. 2025ರ ಸೆಪ್ಟೆಂಬರ್ 22ರಂದು ನಮ್ಮ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಅದಕ್ಕಾಗಿ ಸರಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಹೀಗೆ ಕಳೆದುಹೋದ ಪಾಠದ ದಿನಗಳನ್ನು ಎಲ್ಲಿ ಬರೆದಿಟ್ಟಿದ್ದೇವೆ? ಪರೀಕ್ಷೆಯ ಫಲಿತಾಂಶ ಇಳಿದಾಗ ಪ್ರಶ್ನೆ ಬರುವುದು ಶಿಕ್ಷಕರಿಗೇ. 2009ರ ಶಿಕ್ಷಣ ಹಕ್ಕು ಕಾಯಿದೆ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಬೋಧಕೇತರ ಕೆಲಸಕ್ಕೆ ಶಿಕ್ಷಕರನ್ನು ಕಳಿಸಬಾರದೆನ್ನುತ್ತದೆ. ಆದರೆ 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅಲ್ಪಸಂಖ್ಯಾತರ ಶಾಲೆಗಳು ಆ ಕಾಯಿದೆಯ ಹೊರಗಿವೆ. 2025ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ವಿಷಯವನ್ನು ಮರುಪರಿಶೀಲನೆಗೆ ಒಪ್ಪಿಸಿತು. ಆ ಕಾಯಿದೆಯ ಆಸರೆ ನಮಗೆ ಗಟ್ಟಿಯಾಗಿಲ್ಲದಿರುವಾಗ ನಮ್ಮ ಕೈಬರಹವಾದರೂ ಇರಲಿ.

ಹೊಸ ಗುಮಾಸ್ತರ ಹುದ್ದೆ ಬೇಕೆಂದು ಕೇಳುವಾಗಲೂ ಅಷ್ಟೇ. ಅರ್ಜಿ ತುಂಬುವುದರಲ್ಲಿ ನಮ್ಮ ಎಷ್ಟು ಪಿರಿಯಡ್ ಹೋಯಿತು ಎಂಬ ಲೆಕ್ಕ ಬಾಯಿಮಾತಿನ ದೂರಿಗಿಂತ ತೂಕದ್ದು.

ನನ್ನ ಸಲಹೆ ಇಷ್ಟೇ. ಬರುವ ಜೂನ್‌ನಿಂದ ಪ್ರತಿ ಶಿಕ್ಷಕರಿಗೆ ತಿಂಗಳಿಗೊಂದು ಹಾಳೆ. ದಿನದ ಸಾಲಿನಲ್ಲಿ ಮಾಡಿದ ಪಿರಿಯಡ್‌ಗಳು, ಬೇರೆ ಕೆಲಸವಿದ್ದರೆ ಅದು ಏನು, ಯಾರ ಆದೇಶದ ಮೇಲೆ, ಎಷ್ಟು ಹೊತ್ತು. ಸಂಜೆ ಹೊರಡುವ ಮುನ್ನ ಬರೆಯಬೇಕು, ತಿಂಗಳ ಕೊನೆಗೆ ಮೂವತ್ತು ದಿನದ್ದನ್ನು ಒಟ್ಟಿಗೆ ತುಂಬಿದರೆ ಅದು ಕಥೆಯಾಗುತ್ತದೆ. ತಿದ್ದುವುದಿದ್ದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ, ಬಿಳಿ ಬಣ್ಣ ಬಳಿಯುವುದು ಬೇಡ. ಮುಖ್ಯೋಪಾಧ್ಯಾಯರು ವಾರಕ್ಕೊಮ್ಮೆ ನೋಡಿ ಸಹಿ ಹಾಕಲಿ. ಒಂದು ಪ್ರತಿ ಶಿಕ್ಷಕರ ಬಳಿಯೇ ಇರಲಿ. ಮಾದರಿ ಹಾಳೆಯನ್ನು ಉರ್ದು ಮತ್ತು ಕನ್ನಡ ಎರಡರಲ್ಲೂ ಬರೆದು ತಂದಿದ್ದೇನೆ. ಊಟದ ನಂತರ ನೋಡಿ, ಯಾವ ಕಾಲಂ ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಎಂದು ತಿಳಿಸಬೇಕು.