ಖಡಕಿಯಲ್ಲಿ ಆಫ್ರಿಕದ ಯೋಧರ ನೆನಪು



ಖಡಕಿ ಎಂದೊಡನೆ ಪುಣೆಯ ಕನ್ನಡಿಗರಾದ ನಮಗೆ ನೆನಪಾಗುವುದು ಮದ್ದುಗುಂಡಿನ ಕಾರ್ಖಾನೆ, ಇಲ್ಲವೆ 1817ರಲ್ಲಿ ಪೇಶ್ವೆಗೂ ಇಂಗ್ಲಿಷರಿಗೂ ನಡೆದ ಕಾಳಗ. ಅಲ್ಲಿನ ಯುದ್ಧ ಸ್ಮಶಾನದೊಳಕ್ಕೆ ಕಾಲಿಟ್ಟವರು ನಮ್ಮಲ್ಲಿ ವಿರಳ. ಎರಡನೆಯ ಮಹಾಯುದ್ಧದ ಕಾಲದ 1,668 ಸಮಾಧಿಗಳು ಅಲ್ಲಿವೆ. ಮೊದಲನೆಯ ಮಹಾಯುದ್ಧದ ವೇಳೆ ಭಾರತದಲ್ಲಿ ತೀರಿಕೊಂಡ 1,800ಕ್ಕೂ ಹೆಚ್ಚು ಸೈನಿಕರ ಸ್ಮಾರಕವೂ ಇದೆ. ಇವುಗಳ ನಡುವೆ ಸುಲಭವಾಗಿ ಕಣ್ತಪ್ಪುವ ಇನ್ನೊಂದು ಚಿಕ್ಕ ಸ್ಮಾರಕದ ವಿಷಯವನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ. ಎರಡನೆಯ ಮಹಾಯುದ್ಧದಲ್ಲಿ ಪೂರ್ವ ಹಾಗೂ ಪಶ್ಚಿಮ ಆಫ್ರಿಕದಿಂದ ಬಂದು, ರಣರಂಗದಿಂದ ದೂರವಿದ್ದ ಭಾರತದ ನೆಲೆಗಳಲ್ಲಿ ಮಡಿದ ಸುಮಾರು ಇನ್ನೂರು ಯೋಧರಿಗೆ ಅದು ಮೀಸಲು.

ಇವರು ಇಷ್ಟು ದೂರ ಬಂದದ್ದೇಕೆ? ಬರ್ಮಾದಲ್ಲಿ ಜಪಾನೀಯರನ್ನು ಎದುರಿಸಲು ಬ್ರಿಟಿಷರು ಪಶ್ಚಿಮ ಆಫ್ರಿಕದ 81 ಮತ್ತು 82ನೆಯ ಡಿವಿಜನ್‌ಗಳನ್ನೂ, ಪೂರ್ವ ಆಫ್ರಿಕದ 11ನೆಯ ಡಿವಿಜನ್ನನ್ನೂ ತರಿಸಿಕೊಂಡರು. ಕಲಾದಾನ್ ಕಣಿವೆಯ ಕಾಡಿನಲ್ಲಿ ತಲೆಹೊರೆಯ ಮೇಲೆಯೇ ಸಾಮಗ್ರಿ ಸಾಗಿತು. ದಾರಿಯಲ್ಲೇ ಪ್ರಾಣ ಬಿಟ್ಟವರೂ ಉಂಟು. ಮೊಂಬಾಸದಿಂದ ಕೊಲಂಬೊಗೆ ಹೊರಟಿದ್ದ ‘ಖದೀವ್ ಇಸ್ಮಾಯಿಲ್’ ಹಡಗು 1944ರ ಫೆಬ್ರವರಿ 12ರಂದು ಜಪಾನೀ ಜಲಾಂತರ್ಗಾಮಿಗೆ ತುತ್ತಾದಾಗ ಸತ್ತವರಲ್ಲಿ ಪೂರ್ವ ಆಫ್ರಿಕದ ಗೋಲಂದಾಜರೇ ಬಹಳ ಮಂದಿ.

ಅವರ ತಂದೆಯ ತಲೆಮಾರಿಗೆ ಇಷ್ಟು ಗೌರವವೂ ಸಿಕ್ಕಿರಲಿಲ್ಲ. ಸತ್ತವರೆಲ್ಲ ಸಮಾನರು ಎಂಬ ತತ್ತ್ವ ಸಾರಿ 1917ರಲ್ಲಿ ಹುಟ್ಟಿದ ಯುದ್ಧಸಮಾಧಿ ಆಯೋಗವು ನೈರೋಬಿ, ಮೊಂಬಾಸ, ದಾರ್ ಎಸ್ ಸಲಾಮ್‌ಗಳಲ್ಲಿ ಕಂಚಿನ ವಿಗ್ರಹಗಳನ್ನು ನಿಲ್ಲಿಸಿತು. ಹೆಸರುಗಳನ್ನು ಮಾತ್ರ ಬರೆಯಲಿಲ್ಲ. ಸಮಾಧಿಕಲ್ಲಿನ ಬೆಲೆ ಆಫ್ರಿಕದವರಿಗೆ ತಿಳಿಯದೆಂಬುದು ಅಂದಿನ ವಸಾಹತು ಅಧಿಕಾರಿಗಳ ಅಭಿಪ್ರಾಯ! ತುರು ಕಾಯ್ದು ಸತ್ತವನಿಗೂ ವೀರಗಲ್ಲು ನೆಟ್ಟು, ಅವನ ಹೆಸರು ಕೊರೆಸಿದ ನಾಡಿನಿಂದ ಬಂದ ನಾವು ಈ ಮಾತಿಗೆ ಏನೆನ್ನೋಣ? ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಕನಿಷ್ಠ 1,16,000, ಪ್ರಾಯಶಃ 3,50,000ದವರೆಗಿನ ಜನರಿಗೆ ಹೆಸರಿನ ಸ್ಮರಣೆ ಸಲ್ಲಲಿಲ್ಲ, ಕೆಲವರಿಗೆ ಯಾವ ಸ್ಮರಣೆಯೂ ಇಲ್ಲವೆಂದು ಆಯೋಗದ ವರದಿಯೇ 2021ರಲ್ಲಿ ಒಪ್ಪಿಕೊಂಡಿತು; ಅವರಲ್ಲಿ ಬಹುಪಾಲು ಪೂರ್ವ ಆಫ್ರಿಕದವರು, ಈಜಿಪ್ಟಿನವರು. 1,700ಕ್ಕೂ ಹೆಚ್ಚು ಕರಿಯ ದಕ್ಷಿಣ ಆಫ್ರಿಕನ್ನರ ಹೆಸರು ಹೊತ್ತ ಸ್ಮಾರಕ ಕೇಪ್‌ಟೌನಿನಲ್ಲಿ ಅನಾವರಣಗೊಂಡದ್ದು 2025ರ ಜನವರಿಯಲ್ಲಿ, ಶತಮಾನ ಕಳೆದ ಮೇಲೆ.

ದಿಲ್ಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರು ಅಶ್ವದಳದ್ದೆಂದು ಯಾರಿಗೂ ಗೊತ್ತಿಲ್ಲವಲ್ಲ ಎಂದು ಹೊರನಾಡ ಕನ್ನಡಿಗರಾದ ನಾವು ಕೊರಗುವುದುಂಟು. ನ್ಯಾಯವಾದ ಕೊರಗು. ಆದರೆ ನಮ್ಮೂರಿನದೇ ಆದ ಈ ಕಲ್ಲನ್ನು ನಾವು ನೋಡಿದ್ದೇವೆಯೆ?

ನವೆಂಬರ್ 1 ನಮ್ಮ ರಾಜ್ಯೋತ್ಸವ. ನವೆಂಬರ್ 11 ಮೊದಲ ಮಹಾಯುದ್ಧ ನಿಂತ ದಿನ. ಆ ಹತ್ತು ದಿನಗಳ ನಡುವೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಸಂಘದವರು ಖಡಕಿಗೆ ಹೋಗಬೇಕೆಂದು ಕಾರ್ಯಕಾರಿ ಸಮಿತಿಯನ್ನು ವಿನಂತಿಸುತ್ತೇನೆ. ಹೂವಿನ ಹೊಣೆ ನನಗಿರಲಿ.