ಸೋತವರಿಗೆ ಮತ ಕೊಟ್ಟವರು

ಮದುವೆಮನೆಯಲ್ಲಿ ಊಟದ ಪಂಕ್ತಿಯಿಂದ ಮುನಿಸಿಕೊಂಡು ಎದ್ದುಹೋಗುವ ನೆಂಟರನ್ನು ನಾವೆಲ್ಲರೂ ಕಂಡಿದ್ದೇವೆ. ಹೊರಗಿನವರು ಎದ್ದರೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಮನೆಯವರೇ ಎದ್ದರೆ ಯಜಮಾನನ ಎದೆ ಹಾರುತ್ತದೆ. ಅಮೆರಿಕದ ಅಧ್ಯಕ್ಷ ಪದವಿಯ ಚುನಾವಣೆಗಳನ್ನು ಕುರಿತು ಓದುವಾಗಲೆಲ್ಲ ನನಗೆ ಈ ಪಂಕ್ತಿಯ ನೆನಪು ಬರುತ್ತದೆ.

ನವೆಂಬರಿನಲ್ಲಿ ನಡೆಯುವ ದೊಡ್ಡ ಚುನಾವಣೆಯನ್ನು ಜಗತ್ತೆಲ್ಲ ನೋಡುತ್ತದೆ. ಅದಕ್ಕೆ ಮುಂಚೆ, ವರ್ಷದ ಆರಂಭದಿಂದ ಬೇಸಿಗೆಯವರೆಗೆ, ತನ್ನ ಹುರಿಯಾಳು ಯಾರಾಗಬೇಕೆಂದು ಪಕ್ಷವು ರಾಜ್ಯ ರಾಜ್ಯದಲ್ಲಿಯೂ ತನ್ನವರನ್ನು ಕೇಳುವ ಮತ್ತೊಂದು ಚುನಾವಣೆಯುಂಟು. ಪ್ರೈಮರಿ ಎಂದು ಅದರ ಹೆಸರು. ಕೆಲವು ರಾಜ್ಯಗಳಲ್ಲಿ, ಮತದಾರರ ಪಟ್ಟಿಯಲ್ಲಿ ತನ್ನ ಪಕ್ಷ ಇಂಥದೆಂದು ಬರೆಸಿದವನಿಗೆ ಮಾತ್ರ ಅಲ್ಲಿ ಪ್ರವೇಶ; ಕೆಲವೆಡೆ ಯಾರು ಬೇಕಾದರೂ ಬರಬಹುದು. ನಮ್ಮಲ್ಲಿಯಾದರೋ ಟಿಕೆಟ್ಟು ಮೇಲಿನಿಂದ ಇಳಿದು ಬರುವ ಪ್ರಸಾದ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷವು ಕೆಲವೇ ಕ್ಷೇತ್ರಗಳಲ್ಲಿ ಇಂಥ ಪ್ರಯೋಗವೊಂದನ್ನು ನಡೆಸಿತು. ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ ಅವುಗಳಲ್ಲಿ ಸೇರಿದ್ದವು. ಅಲ್ಲಿ ಮತ ಹಾಕಿದವರು ಪಕ್ಷದ ಪದಾಧಿಕಾರಿಗಳೇ ಹೊರತು ಸಾಮಾನ್ಯ ಮತದಾರರಲ್ಲ. ಹೀಗೆ ಆರಿಸಿ ಬಂದ ಇಬ್ಬರೂ ಮುಂದಿನ ಚುನಾವಣೆಯಲ್ಲಿ ಸೋತರು.

ಅಮೆರಿಕದಲ್ಲಿಯೂ ಕರೆದಾಗ ಎಲ್ಲರೂ ಬರುತ್ತಾರೆಂದು ಭಾವಿಸಬೇಡಿ. ಒಬಾಮ ಮತ್ತು ಹಿಲರಿ ಕ್ಲಿಂಟನ್ ಸೆಣಸಿದ 2008ರಲ್ಲಿ ಕೂಡ, ಎರಡೂ ಪಕ್ಷಗಳ ಪ್ರೈಮರಿಗಳನ್ನು ಒಟ್ಟಿಗೆ ಲೆಕ್ಕ ಹಿಡಿದರೆ, ಅರ್ಹರಾದ 100 ಜನರಲ್ಲಿ ಬಂದವರು ಸುಮಾರು 30 ಮಂದಿ. ಅದೇ ಅಸಾಧಾರಣವೆಂದು ಕೊಂಡಾಡಿದರು. ಹಾಗಾದರೆ ಬಂದವರು ಯಾರು? ಪಕ್ಷದ ನಿಷ್ಠಾವಂತರು ಎಂದು ಥಟ್ಟನೆ ಹೇಳಿಬಿಡಬಹುದು. ಅಷ್ಟು ಸುಲಭವಾಗಿ ಹೇಳಬಾರದೆಂಬುದನ್ನು 1968ರ ನ್ಯೂ ಹ್ಯಾಂಪ್‌ಷೈರ್ ತೋರಿಸಿಕೊಟ್ಟಿತು.

ಆಗ ಅಧ್ಯಕ್ಷರಾಗಿದ್ದವರು ಡೆಮಾಕ್ರಟಿಕ್ ಪಕ್ಷದ ಲಿಂಡನ್ ಜಾನ್ಸನ್. ವಿಯೆಟ್ನಾಂ ಯುದ್ಧ ಕುತ್ತಿಗೆಗೆ ಬಂದಿತ್ತು. ಅವರ ಪಕ್ಷದವರೇ ಆದ ಸೆನೆಟರ್ ಯೂಜೀನ್ ಮಕಾರ್ಥಿ, ಯುದ್ಧ ನಿಲ್ಲಬೇಕೆಂದು ಸಾರಿ, ಅವರಿಗೆದುರಾಗಿ ನಿಂತರು. ಕಾಲೇಜು ಹುಡುಗರು ಹಳ್ಳಿಯ ಗೃಹಸ್ಥರನ್ನು ಬೆದರಿಸಬಾರದೆಂದು ಗಡ್ಡ ಬೋಳಿಸಿ, ಕೂದಲು ಕತ್ತರಿಸಿ, ಹಿಮ ಬಿದ್ದ ಬೀದಿಗಳಲ್ಲಿ ಮನೆ ಮನೆಯ ಬಾಗಿಲು ತಟ್ಟಿದರು. ಜಾನ್ಸನ್ ಹೆಸರು ಮತಪತ್ರದಲ್ಲಿ ಅಚ್ಚಾಗಿರಲೇ ಇಲ್ಲ. ಬೇಕಾದವರು ಕೈಯಲ್ಲಿ ಬರೆಯಬೇಕಾಗಿತ್ತು. ಮಾರ್ಚ್ 12ರಂದು ಎಣಿಸಿದಾಗ ಡೆಮಾಕ್ರಟಿಕ್ ಮತಗಳಲ್ಲಿ ಜಾನ್ಸನ್‌ಗೆ ಶೇಕಡಾ 49ಕ್ಕಿಷ್ಟು ಮೇಲೆ, ಮಕಾರ್ಥಿಗೆ ಸುಮಾರು 42. ಗೆದ್ದವರು ಜಾನ್ಸನ್, ಆದರೂ ಅದೇ ತಿಂಗಳ 31ರಂದು ದೂರದರ್ಶನದ ಮುಂದೆ ಕುಳಿತು, ತಾವು ಮತ್ತೆ ನಿಲ್ಲುವುದಿಲ್ಲವೆಂದು ಸಾರಿದರು.

ದೇಶವು ಇದನ್ನು ಶಾಂತಿಯ ಮತವೆಂದು ಓದಿಕೊಂಡಿತು. ಮಿಷಿಗನ್ ವಿಶ್ವವಿದ್ಯಾಲಯದ ವಿದ್ವಾಂಸರು ಮತದಾರರನ್ನೇ ವಿಚಾರಿಸಿ ನೋಡಿದಾಗ ಹೊರಬಿದ್ದ ಸಂಗತಿ ಬೇರೆ. ಮಕಾರ್ಥಿಗೆ ಮತ ಕೊಟ್ಟವರೊಳಗೆ, ಯುದ್ಧದಿಂದ ಹಿಂದೆಗೆಯಬೇಕೆನ್ನುವವರಿಗಿಂತ, ಜಾನ್ಸನ್ ಸಾಕಷ್ಟು ಕಠಿಣವಾಗಿ ಯುದ್ಧ ಮಾಡುತ್ತಿಲ್ಲವೆಂದು ಸಿಡುಕುವವರೇ ಹೆಚ್ಚಾಗಿದ್ದರು! ಬಾಗಿಲು ತಟ್ಟಿದ ಹುಡುಗ ಹೇಳಿದ್ದು ಒಂದು, ಒಳಗಿದ್ದ ಗೃಹಸ್ಥ ಕೇಳಿಸಿಕೊಂಡದ್ದು ಇನ್ನೊಂದು. ಇಬ್ಬರಿಗೂ ಸಮಾನವಾಗಿದ್ದದ್ದು ಮನೆಯ ಯಜಮಾನನ ಮೇಲಿನ ಮುನಿಸು ಮಾತ್ರ. ನಾಯಕರ ಆಕರ್ಷಣೆಯನ್ನು ಕುರಿತು ನಾವು ಬರೆಯುವ ಎಷ್ಟೋ ಪುಟಗಳು ಇಂಥ ಮುನಿಸಿನ ಮೇಲೆ ಕಟ್ಟಿದವೇನೋ ಎಂದು ನನಗೆ ಅನುಮಾನ.

ಆ ವರ್ಷದ ಕತೆ ಮುಂದೆ ದುಃಖಕರವಾಯಿತು. ಕ್ಯಾಲಿಫೋರ್ನಿಯದ ಪ್ರೈಮರಿಯಲ್ಲಿ ಗೆದ್ದ ರಾತ್ರಿಯೇ ರಾಬರ್ಟ್ ಕೆನೆಡಿ ಗುಂಡಿಗೆ ಬಲಿಯಾದರು. ಒಂದು ಪ್ರೈಮರಿಯಲ್ಲಿಯೂ ಸ್ಪರ್ಧಿಸದ ಉಪಾಧ್ಯಕ್ಷ ಹಂಫ್ರಿ, ಷಿಕಾಗೊ ಮಹಾಧಿವೇಶನದಲ್ಲಿ ಹುರಿಯಾಳಾದರು. ಬೀದಿಯಲ್ಲಿ ಪೋಲೀಸರ ಲಾಠಿ, ಒಳಗೆ ಪ್ರತಿನಿಧಿಗಳ ಕೂಗಾಟ. ನವೆಂಬರಿನಲ್ಲಿ ನಿಕ್ಸನ್ ಗೆದ್ದದ್ದು ಶೇಕಡಾ ಒಂದಕ್ಕೂ ಕಡಿಮೆ ಅಂತರದಿಂದ. ಪ್ರೈಮರಿಯ ಮತಕ್ಕೆ ನಿಜವಾದ ಬೆಲೆ ಬರಬೇಕೆಂದು ನಿಯಮಗಳನ್ನು ತಿದ್ದಿದ್ದು ಆಮೇಲಿನ ಮಾತು.

ಎದ್ದುಹೋದವರು ಮರಳುವುದೇ ಇಲ್ಲವೆಂದಲ್ಲ. 2008ರ ಮಾರ್ಚಿಯಲ್ಲಿ ಗ್ಯಾಲಪ್ ಸಂಸ್ಥೆ ಕೇಳಿದಾಗ, ಒಬಾಮ ಹುರಿಯಾಳಾದರೆ ತಾವು ಎದುರು ಪಕ್ಷದ ಮೆಕೇನ್‌ಗೇ ಮತ ಹಾಕುವೆವೆಂದು ಹಿಲರಿಯವರ ಬೆಂಬಲಿಗರಲ್ಲಿ ಶೇಕಡಾ 28 ಮಂದಿ ಹೇಳಿದ್ದರು. ಆಗಸ್ಟಿನಲ್ಲಿ ಡೆನ್ವರ್ ಮಹಾಧಿವೇಶನದಲ್ಲಿ, ಎಣಿಕೆಯನ್ನು ನಡುವೆ ನಿಲ್ಲಿಸಿ ಒಬಾಮರನ್ನು ಒಮ್ಮತದಿಂದ ಆರಿಸೋಣವೆಂದು ಸೂಚಿಸಿದವರು ಸ್ವತಃ ಹಿಲರಿ. ನವೆಂಬರಿನಲ್ಲಿ ಅವರ ಕಡೆಯವರಲ್ಲಿ ಬಹುಪಾಲು ಜನ ಪಂಕ್ತಿಗೆ ಮರಳಿದ್ದರು. ಕರೆಯಲು ಹೋದವರು ಯಾರು, ಹೇಗೆ ಕರೆದರು ಎಂಬುದು ನೆಂಟಸ್ತಿಕೆಯಲ್ಲಿ ಹೇಗೋ ಅಲ್ಲಿಯೂ ಹಾಗೆಯೇ.

ಇನ್ನೊಂದು ಕತೆಯಲ್ಲಿ ಹಾಗಾಗಲಿಲ್ಲ. ಮಿಷಿಗನ್ ರಾಜ್ಯದ ಪ್ರೈಮರಿ ಮತಪತ್ರದಲ್ಲಿ ಹುರಿಯಾಳುಗಳ ಹೆಸರಿನೊಂದಿಗೆ ‘ಯಾರಿಗೂ ಬದ್ಧರಲ್ಲ’ ಎಂಬರ್ಥದ ಒಂದು ಸಾಲೂ ಅಚ್ಚಾಗಿರುತ್ತದೆ. ನ್ಯೂ ಹ್ಯಾಂಪ್‌ಷೈರಿನ ಅನೇಕರಿಗೆ ಮಕಾರ್ಥಿಯ ಹೆಸರೇ ಅಂಥ ಸಾಲಾಗಿ ಒದಗಿತ್ತೆನ್ನಬಹುದು. 2024ರ ಫೆಬ್ರವರಿ 27ರಂದು, ಗಾಜಾ ಯುದ್ಧದಲ್ಲಿ ಅಧ್ಯಕ್ಷ ಬೈಡನ್ ಹಿಡಿದ ದಾರಿಗೆ ಬೇಸತ್ತು, ಒಂದು ಲಕ್ಷಕ್ಕೂ ಮಿಕ್ಕಿ ಡೆಮಾಕ್ರಟಿಕ್ ಮತದಾರರು ಆ ಸಾಲಿಗೆ ಗುರುತು ಹಾಕಿದರು. ಇದನ್ನು ಗಮನಿಸಬೇಕು, ಕೇಳುಗರೆ: ಅವರು ಮನೆಯಲ್ಲಿ ಉಳಿದವರಲ್ಲ, ಮತಗಟ್ಟೆಗೆ ಬಂದು, ತಮ್ಮ ಪಕ್ಷದ್ದೇ ಮತಪತ್ರವನ್ನು ಕೇಳಿ ಪಡೆದವರು. ಅರಬ್ ಮೂಲದವರು ಬಹಳವಾಗಿರುವ ಡಿಯರ್‌ಬಾರ್ನ್ ಪಟ್ಟಣದಲ್ಲಿ ಆ ಸಾಲೇ ಬೈಡನ್ನರನ್ನು ಸೋಲಿಸಿತು.

ಜುಲೈನಲ್ಲಿ ಬೈಡನ್ ಹಿಂದೆ ಸರಿದು ಕಮಲಾ ಹ್ಯಾರಿಸ್ ಹುರಿಯಾಳಾದರು. ಮಿಷಿಗನ್‌ನಲ್ಲಿ ಅವರು ಸುಮಾರು 80,000 ಮತಗಳಿಂದ ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಈ ಒಂದನ್ನೇ ಹಿಡಿದು ತೀರ್ಪು ಕೊಡಲಾಗದು. ಆದರೆ 2020ರಲ್ಲಿ ಬೈಡನ್ನರಿಗೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮತ ಕೊಟ್ಟಿದ್ದ ಡಿಯರ್‌ಬಾರ್ನ್‌ನಲ್ಲಿ ಈ ಬಾರಿ ಮೊದಲಿಗರಾದವರು ಟ್ರಂಪ್, ಹ್ಯಾರಿಸ್ ಎರಡನೆಯವರು, ಗ್ರೀನ್ ಪಕ್ಷದ ಜಿಲ್ ಸ್ಟೈನ್ ಅವರಿಗೂ ಸಾವಿರಾರು ಮತಗಳು ಬಿದ್ದಿದ್ದವು.