ನಾನು ಹತ್ತದ ಗಾಡಿಗಳು



ಕೇಂದ್ರ ಸರಕಾರದ ಸೇವೆಗೆಂದು ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದ ನಾನು ಸುಮಾರು ಮೂರು ದಶಕಗಳಿಂದ ಡೊಂಬಿವಲಿಯ ಲೋಕಲ್ ಪ್ರಯಾಣಿಕ. ಆದರೆ ಇಂದು ಹೇಳಹೊರಟಿರುವುದು ನಾನೆಂದೂ ಹತ್ತದ ಗಾಡಿಗಳ ಕುರಿತು.

ಪನವೇಲ್ ಮತ್ತು ವಸಯಿ ಮಾರ್ಗಗಳು ಕವಲೊಡೆಯುವ ದಿವಾ ಜಂಕ್ಷನ್ನಿನಲ್ಲಿ, ನ್ಹಾವಾ ಶೇವಾ ಬಂದರಿನ ಕಂಟೇನರ್ ಹೊತ್ತ ಗೂಡ್ಸ್ ಗಾಡಿಗಳು ಸಿಗ್ನಲ್ಲಿಗಾಗಿ ಕಾದು ನಿಂತಿರುತ್ತಿದ್ದವು. ಮುಂದೆ ಡೀಸೆಲ್ ಎಂಜಿನ್ನು, ಹೆಚ್ಚಾಗಿ ಡಬ್ಲ್ಯುಡಿಎಂ-2. 1962ರಲ್ಲಿ ಅಮೆರಿಕದಿಂದ ಬಂದು, 1964ರಿಂದ ವಾರಾಣಸಿಯಲ್ಲಿ ತಯಾರಾದ ಮಾದರಿಯದು. 16 ಸಿಲಿಂಡರು, 2600 ಅಶ್ವಶಕ್ತಿ. ಅದರ ಡೀಸೆಲ್ ಯಂತ್ರ ಗಾಲಿಗಳನ್ನು ನೇರವಾಗಿ ತಿರುಗಿಸುವುದಿಲ್ಲ; ವಿದ್ಯುತ್ತನ್ನು ಉತ್ಪಾದಿಸುತ್ತದೆ, ಮೋಟಾರುಗಳು ಗಾಲಿಗಳನ್ನು ತಿರುಗಿಸುತ್ತವೆ. ಚಾಲಕ ವೇಗ ಹೆಚ್ಚಿಸಿದಾಗ ಇಂಧನಕ್ಕೆ ತಕ್ಕ ಗಾಳಿ ಒದಗಲು ತುಸು ತಡವಾಗುವುದರಿಂದ ಕಪ್ಪು ಹೊಗೆ ಆಕಾಶಕ್ಕೇಳುತ್ತಿತ್ತು.

1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗ ಉದ್ಘಾಟನೆಯಾಯಿತು. ಅಂದಿನಿಂದ ನಮ್ಮೂರಿನ ಗಾಡಿಯನ್ನೂ ಡೀಸೆಲ್ ಎಂಜಿನ್ನೇ ಎಳೆಯತೊಡಗಿತು. ದಿವಾದ ಹೊಗೆ ಕಂಡೊಡನೆ ನನಗೆ ಮನೆಯಂಗಳ ನೆನಪಾಗುತ್ತಿತ್ತು. ಅದೇ ಹೊಗೆಯನ್ನು ಹಳಿಯಂಚಿನ ಗುಡಿಸಲುಗಳ ಮಕ್ಕಳು ದಿನವಿಡೀ ಉಸಿರಾಡುತ್ತಿದ್ದರೆಂಬುದು ಆಗ ನನ್ನ ಮನಸ್ಸಿಗೆ ಹೊಳೆಯಲಿಲ್ಲ. 2022ರಲ್ಲಿ ಆ ಮಾರ್ಗದ ವಿದ್ಯುದೀಕರಣ ಪೂರ್ಣವಾಯಿತು. ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಹೊಗೆಯಿಲ್ಲದಿರುವುದೇ ನ್ಯಾಯ. ಆದರೂ ಕಿವಿ ಆ ಗುಡುಗನ್ನು ಅರಸುತ್ತದೆ.

ಗೂಡ್ಸ್ ವ್ಯಾಗನ್ನುಗಳ ಪಕ್ಕೆಯನ್ನು ನೀವು ಗಮನಿಸಿರಬಹುದು. ದುರಸ್ತಿಗಾಗಿ ಕಾರ್ಖಾನೆಗೆ ಮರಳಬೇಕಾದ ತಿಂಗಳು, ವರ್ಷ ಅಲ್ಲಿ ಬಿಳಿಯ ಅಕ್ಷರಗಳಲ್ಲಿರುತ್ತವೆ. ಬಾಗಿಲಲ್ಲಿ ನಿಂತು ಅದನ್ನೋದುತ್ತ, ನನಗೂ ಮರಳುವ ತಾರೀಖೊಂದಿದೆ, ಅದು ನಿವೃತ್ತಿಯ ದಿನ ಎಂದು ನಂಬಿದ್ದೆ. ಈಗ ಆ ದಿನ ಸಮೀಪಿಸಿದೆ. ಊರಿನ ಮನೆ ಪಾಲಾಗಿ ಹೋಗಿದೆ, ತಾಯಿಯಿಲ್ಲ, ಮಕ್ಕಳಿಗೆ ಡೊಂಬಿವಲಿಯೇ ಊರು. ನಾನು ಮರಳುವುದಿಲ್ಲವೆಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳುತ್ತಿರುವುದು ಈ ವೇದಿಕೆಯಲ್ಲಿಯೇ.

ಆದರೆ ವ್ಯಾಗನ್ನು ಕಾರ್ಖಾನೆಗೆ ಹೋಗುವುದು ಅಲ್ಲಿಯೇ ನೆಲೆಸಲಿಕ್ಕಲ್ಲ. ರಿಪೇರಿಯಾಗಿ ಮತ್ತೆ ಹೊರೆ ಹೊರಲಿಕ್ಕೆ. ಹೊರನಾಡಿನ ಕನ್ನಡಿಗರಾದ ನಮಗೆ ಈ ಸಂಘ ಅಂಥದೊಂದು ಕಾರ್ಖಾನೆ. ಇಲ್ಲಿಗೆ ಮರಳುವ ತಾರೀಖನ್ನಾದರೂ ನಾವು ತಪ್ಪಿಸದಿರೋಣ. ಮಕ್ಕಳನ್ನೂ ಜೊತೆಗೆ ಕರೆತರೋಣ.